ಅತ್ತಿಗೆ ಹರಕೆ ಹೊತ್ತ ಕಾಯಿಲೆ

ನಮ್ಮ ಅತ್ತಿಗೆ ಮುನಿರತ್ನಮ್ಮ ಬದುಕಿನಲ್ಲಿ ಏನೇನು ಕಲಿತಳೋ ಅದೆಲ್ಲ ಹೊಟ್ಟೆಕಿಚ್ಚಿನಿಂದ ಕಲಿತದ್ದು. ನಾದಿನಿಯ ಬಾಯಿಂದ ಬಂದ ಮಾತು, ಸ್ವಲ್ಪ ಕಳೆದುಕೊಂಡೇ ಕೇಳಿ. ಎಷ್ಟು ಕಳೆದರೂ ಸುಳ್ಳಾಗುವುದಿಲ್ಲ. ಪಕ್ಕದ ಮನೆ ಕನಕಮ್ಮ ಮುರುಕು ಸುತ್ತುವುದನ್ನು ನೋಡಿ ಅತ್ತಿಗೆ ಮುರುಕು ಸುತ್ತಲು ಕಲಿತಳು. ಕನಕಮ್ಮನಿಗೆ ತಮಿಳು, ತೆಲುಗು, ಕನ್ನಡ ಮೂರೂ ಬರುತ್ತವೆ ಅಂತ ಗೊತ್ತಾದದ್ದೇ ತಡ, ಬೂದಿಕೋಟೆ ಕಡೆಯ ಹಳ್ಳಿಯಿಂದ ಎರಡೇ ಭಾಷೆ ಕಟ್ಟಿಕೊಂಡು ಬಂದಿದ್ದ ಅತ್ತಿಗೆ ಮಳೆಗಾಲ ಮುಗಿಯುವಷ್ಟರಲ್ಲಿ ತಮಿಳಿನಲ್ಲಿ ಜಗಳ ಕಾಯುವಷ್ಟು ಗಟ್ಟಿಯಾದಳು. ಈಗಲೂ ಬಂಗಾರಪೇಟೆಗೆ ನನ್ನ ಮನೆಗೆ ಬಂದರೆ ಮೊದಲು ನೋಡುವುದು ನನ್ನ ಮುಖವನ್ನಲ್ಲ, ಉಟ್ಟ ಸೀರೆಯನ್ನು. ನೋಡಿ, ಅಂಚನ್ನು ಎರಡು ಬೆರಳಿನಲ್ಲಿ ಉಜ್ಜಿ, "ನೀನು ಮೇಡಮ್ಮು, ನಿಂಗೇನಮ್ಮಾ" ಅಂತ ಒಂದು ನಿಟ್ಟುಸಿರು ಬಿಡುತ್ತಾಳೆ. ಆ ಸೀರೆಯನ್ನು ಮತ್ತೊಂದು ಸಲ ಉಡಲು ನನಗೆ ಮನಸ್ಸೇ ಬರುವುದಿಲ್ಲ.

ನಮ್ಮಣ್ಣ ಜಯರಾಮಪ್ಪ ಕೆಜಿಎಫ್‌ನಲ್ಲಿ ಚಿನ್ನದ ಗಣಿಯ ಒಳಗೆ ಕೆಲಸ ಮಾಡುತ್ತಿದ್ದ. ನನ್ನನ್ನು ಹೈಸ್ಕೂಲು ಓದಲೆಂದು ಅವರ ಮನೆಯಲ್ಲಿ ಬಿಟ್ಟಿದ್ದರು. ಮನೆ ಅಂದರೆ ಗಣಿಯವರು ಕೊಟ್ಟ ಲೈನಿನ ಮನೆ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಮನೆಗಳು, ನಡುವೆ ಬಿದಿರು ತಟ್ಟಿಯ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನಮಗೆ ಸೀನು ಬರುತ್ತಿತ್ತು. ಇಂಥ ಗೋಡೆಯ ಪಕ್ಕದಲ್ಲಿ ದೇವರಂಥ ಹೆಂಗಸನ್ನು ತಂದು ಕೂರಿಸಿದ್ದರೂ ಆಕೆಗೆ ಪಕ್ಕದ ಮನೆಯ ಮೇಲೆ ಕಣ್ಣು ಬೀಳುತ್ತಿತ್ತೋ ಏನೋ. ನಮ್ಮ ಅತ್ತಿಗೆ ದೇವರಂಥ ಹೆಂಗಸೇನೂ ಆಗಿರಲಿಲ್ಲ.

ತಟ್ಟಿಯ ಆ ಕಡೆ ಕನಕಮ್ಮ, ಅವಳ ಗಂಡ ಪೆರುಮಾಳ್. ಪೆರುಮಾಳನೂ ನಮ್ಮಣ್ಣನೂ ಒಂದೇ ಗ್ಯಾಂಗಿನಲ್ಲಿ, ಒಂದೇ ಶಿಫ್ಟಿಗೆ ಗಣಿಗೆ ಇಳಿಯುವವರು. ಕನಕಮ್ಮ ಸಾಧು ಹೆಂಗಸು. ಅವಳಿಗೆ ಅತ್ತಿಗೆಯ ಮೇಲೆ ಪ್ರೀತಿ. ರತ್ನಕ್ಕ, ರತ್ನಕ್ಕ ಅಂತ ಬಾಯಿ ತುಂಬ ಕರೆಯುವಳು. ಅದು ಅತ್ತಿಗೆಗೆ ಇನ್ನೂ ಉರಿ. "ಆಯಮ್ಮಂಗೆ ಒಟ್ಟೆಕಿಚ್ಚು ಪಡಾಕೂ ಬರಲ್ಲ, ಅದ್ಕೂ ಬುದ್ದಿ ಬೇಕು" ಅನ್ನುತ್ತಿದ್ದಳು. ಕನಕಮ್ಮ ಗಣಿಯ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿ ನೀಲಿ ಅಂಚಿನ ಬಿಳಿ ಸೀರೆ ಉಟ್ಟು ಹೊರಟ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಿದ್ದು ನಾನು. ಅತ್ತಿಗೆ ಮುಸುಕು ಹಾಕಿ ಮಲಗಿದ್ದಳು. ಮುಂದಿನ ತಿಂಗಳು ಕನಕಮ್ಮನನ್ನೇ ಹಿಡಿದು, ಅವಳಿಂದಲೇ ಮಾತಾಡಿಸಿ, ಅದೇ ಆಸ್ಪತ್ರೆಗೆ ಅತ್ತಿಗೆಯೂ ಆಯಾ ಆಗಿ ಸೇರಿದಳು. ಉಪಕಾರ ಮಾಡಿದಳಲ್ಲ ಅನ್ನುವ ಹೊಸ ಸಂಕಟ ಒಂದು ಹಳೆಯದರ ಮೇಲೆ ಕೂತಿತು.

ಆಮೇಲೆ ಆಸ್ಪತ್ರೆಗೆ ಹೊಸ ಸಿಸ್ಟರಮ್ಮ ಒಬ್ಬರು ಬಂದರು. ರೋಗಿಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಕೈಗೆ ಚೀಟಿ ಕೊಟ್ಟು ಕಳಿಸಿದರೆ ಆಯಾಗಳು ಎಲ್ಲೆಲ್ಲಿಗೋ ತಳ್ಳಿಕೊಂಡು ಹೋಗುತ್ತಿದ್ದರು. ಕೊಯ್ಯಿಸಿಕೊಳ್ಳಬೇಕಾದವನು ಔಷಧಿಯ ವಾರ್ಡಿನಲ್ಲಿ, ಸುಮ್ಮನೆ ಬೆನ್ನು ನೋವಿನವನು ಆಪರೇಷನ್ ಕೋಣೆಯ ಬಾಗಿಲಲ್ಲಿ. ಸಿಸ್ಟರಮ್ಮ ಒಂದು ಉಪಾಯ ಮಾಡಿದರು. ಅಕ್ಷರ ಬಲ್ಲ ಆಯಾಗಳನ್ನು ಮಧ್ಯಾಹ್ನ ಒಂದು ಕಡೆ ಕೂರಿಸಿ, ನಿಮಗೆ ಇಡೀ ಪದ ಬೇಡ, ಬಾಲ ಸಾಕು ಅಂದರು. ಕಾಯಿಲೆಯ ಹೆಸರು ಎಷ್ಟೇ ಉದ್ದವಿರಲಿ, ಕೊನೆಯ ತುಂಡನ್ನು ನೋಡಿದರೆ ಆ ಮನುಷ್ಯನಿಗೆ ಏನಾಗಿದೆ, ಅವನನ್ನು ಎಲ್ಲಿಗೆ ಒಯ್ಯಬೇಕು ಅಂತ ತಿಳಿಯುತ್ತದೆ.

ಕನಕಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ಅತ್ತಿಗೆ ನಾಲ್ಕನೇ ಕ್ಲಾಸು ಪಾಸು. ಅವತ್ತು ಸಂಜೆ ಅವಳು ಮನೆಗೆ ಬಂದ ನಡಿಗೆಯನ್ನು ನೀವು ನೋಡಬೇಕಾಗಿತ್ತು.

ಇಂಗ್ಲಿಷ್ ಅಕ್ಷರ ತಿದ್ದಿಸುವ ಕೆಲಸ ನನ್ನ ತಲೆಗೆ ಬಂತು. ಬಾಲಗಳನ್ನು ಕನ್ನಡದಲ್ಲಿ ಬರೆದುಕೊಟ್ಟು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದು, ಸ್ಲೇಟಿನ ಮೇಲೆ ತಿದ್ದಿಸಿದೆ. ಗಿಳಿಯ ಹಾಗೆ ಒಪ್ಪಿಸುವುದು ಅವಳಿಗೆ ಆಗಲಿಲ್ಲ. ಎರಡು ದಿನ ಒದ್ದಾಡಿ, ಮೂರನೇ ದಿನ ತನ್ನದೇ ದಾರಿ ಹುಡುಕಿಕೊಂಡಳು. ಒಂದೊಂದು ಬಾಲಕ್ಕೂ ತನಗೆ ಗೊತ್ತಿರುವ ಒಬ್ಬೊಬ್ಬ ಮನುಷ್ಯನನ್ನು ಕಟ್ಟಿಬಿಟ್ಟಳು.

"ಐಟಿಸ್ ಅಂದ್ರೆ ನಿಮ್ಮಮ್ಮ" ಅಂದಳು.

ನನಗೆ ಸಿಟ್ಟು ಬಂತು. "ನಮ್ಮಮ್ಮ ಏನು ಮಾಡಿದ್ಲು ನಿಂಗೆ?"

"ಏನೂ ಮಾಡಿಲ್ಲ ಕಣೆ. ಐಟಿಸ್ ಅಂದ್ರೆ ಉರಿ, ಕೆಂಪಗೆ ಊದ್ಕಳಾದು, ಆಮ್ಯಾಕೆ ಇಳ್ದೋಗಾದು. ನಿಮ್ಮಮ್ಮ ಬೂದಿಕೋಟೆ ಬಸ್ ಇಳ್ದು ಬತ್ತಾಳಾ, ನಾಕ್ ದಿನ ಉರೀತಾಳೆ, ಮುಖ ಊದಿಸ್ಕತಾಳೆ, ಐದ್ನೇ ದಿನ ಓಗ್ತಾಳೆ. ಆಕೆ ಓದ್ ಮ್ಯಾಕೆ ಮನೆ ಮೊದ್ಲಿದ್ದಂಗೇ ಇರ್ತದೆ. ಟಾನ್ಸಿಲೈಟಿಸ್, ಅಪೆಂಡಿಸೈಟಿಸ್, ಎಲ್ಲಾ ನಿಮ್ಮಮ್ಮನ ಜಾತಿ."

ನಮ್ಮಣ್ಣ ಬೀಡಿ ಬಾಯಲ್ಲಿಟ್ಟುಕೊಂಡು ನಗುತ್ತಿದ್ದ. ತಾಯಿಯನ್ನು ಆಡಿಕೊಂಡರೂ ನಗುವ ಮಗ ಅಂತ ನನಗೆ ಅವನ ಮೇಲೂ ಉರಿಯಿತು.

ಆಲ್ಜಿಯಾ ಅಂದರೆ ನೋವು. ಅದು ಮೂರನೇ ಮನೆಯ ಚಿಕ್ಕವೆಂಕಟಮ್ಮ. ಆಕೆಯನ್ನು ಯಾವಾಗ ಮಾತಾಡಿಸಿದರೂ ಮೈಯಲ್ಲಿ ಒಂದು ಕಡೆ ನೋವು. ಎಕ್ಟಮಿ ಅಂದರೆ ಒಳಗಿನದನ್ನು ಬುಡಸಮೇತ ತೆಗೆದುಹಾಕುವುದು. ಅದು ಆಂಡರ್ಸನ್‌ಪೇಟೆಯ ಹಲ್ಲು ಕೀಳುವವನು. ಓಟಮಿ ಅಂದರೆ ಬರೀ ಕೊಯ್ಯುವುದು, ಏನನ್ನೂ ತೆಗೆಯುವುದಿಲ್ಲ, ಅದು ಟೈಲರು. ಇನ್ನು ಓಸಿಸ್. ಸಿಸ್ಟರಮ್ಮ ಅದಕ್ಕೆ ಹೇಳಿಕೊಟ್ಟ ಅರ್ಥ, ಮೈಯೊಳಗೆ ಬಂದು ನೆಲೆನಿಂತ ಸ್ಥಿತಿ. ಎಲ್ಲ ಓಸಿಸ್ಸೂ ಹೋಗದೇ ಇರುವಂಥದ್ದಲ್ಲ, ಆದರೆ ಈ ಗಣಿಯ ಊರಿನಲ್ಲಿ ನೀವು ನೋಡುವ ಓಸಿಸ್ ಬಹಳ ಮಟ್ಟಿಗೆ ಹೋಗದೇ ಇರುವಂಥದ್ದೇ ಅಂದಿದ್ದರಂತೆ. ಅತ್ತಿಗೆ ಯೋಚನೆಯನ್ನೇ ಮಾಡಲಿಲ್ಲ.

"ಓಸಿಸ್ ಅಂದ್ರೆ ನಮ್ ಸೊಣ್ಣಪ್ಪ ಮಾವ. ಮದ್ವೆಗೆ ಅಂತ ಬಂದೋನು ನಮ್ಮಪ್ಪನ ಜಗಲಿ ಮ್ಯಾಲೆ ಕೂತ. ಕೂತೋನು ಎದ್ದೋಗ್ಲಿಲ್ಲ."

ವಾರದೊಳಗೆ ಅವಳಿಗೆ ಬಾಲಗಳೆಲ್ಲ ಬಾಯಿಪಾಠ. ನೀರು ಹಿಡಿಯಲು ಕೊಳಾಯಿಗೆ ಹೋದರೆ ಅಲ್ಲಿ ಪಾಠ, ಸೊಪ್ಪಿನವಳು ಬಂದರೆ ಅವಳಿಗೂ ಪಾಠ. ಊಟಕ್ಕೆ ಕೂತ ಅಣ್ಣ ತಟ್ಟೆ ಒಣಗುವವರೆಗೆ ಹೆಂಡತಿಯ ಬಾಯನ್ನೇ ನೋಡುತ್ತಿದ್ದ. ನಾನು ಆ ವರ್ಷ ಬೀಜಗಣಿತದಲ್ಲಿ ಇಡೀ ಕ್ಲಾಸಿಗೆ ಮೊದಲು ಬಂದಿದ್ದೆ. ಆ ಮಾತನ್ನು ಅಣ್ಣನಿಗೆ ಹೇಳಿದಾಗ "ಒಳ್ಳೇದಮ್ಮಾ" ಅಂದು ಮತ್ತೆ ಅವಳ ಕಡೆ ತಿರುಗಿದ. ಸಿಟ್ಟಿಗೆ ನಾನು ಕೇಳಿಬಿಟ್ಟೆ: "ಅತ್ತಿಗೆ, ನಿಂಗೆ ಕನಕಕ್ಕನ ಮೇಲೆ ಇರೋದು ಐಟಿಸಾ ಓಸಿಸಾ?" ಅಣ್ಣ ನಕ್ಕ. ಅತ್ತಿಗೆ ನಗಲಿಲ್ಲ. ಎರಡು ದಿನ ನನ್ನ ಮುದ್ದೆಗೆ ಸಾರು ಬಿಸಿ ಇರಲಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ಅವಳನ್ನು ಬರೀ ಹೊಟ್ಟೆಕಿಚ್ಚಿನ ಹೆಂಗಸು ಅಂದುಕೊಳ್ಳಬೇಡಿ. ಅವಳಿಗೆ ಒಂದು ಭಯವಿತ್ತು. ಗಣಿಯ ಆಳದಲ್ಲಿ ಒಮ್ಮೊಮ್ಮೆ ಬಂಡೆ ತಾನಾಗಿ ಸಿಡಿಯುತ್ತದೆ. ಸಿಡಿದಾಗ ಮೇಲೆ ಲೈನಿನ ಮನೆಗಳಲ್ಲಿ ನೆಲ ನಡುಗಿ, ಹಲಗೆಯ ಮೇಲಿನ ಪಾತ್ರೆಗಳು ಗಲಗಲ ಅಂದು ಸುಮ್ಮನಾಗುತ್ತವೆ. ಗಂಡಂದಿರು ಗಣಿಯೊಳಗೆ ಇರುವ ಹೆಂಗಸರು ಆಗ ಕೈಯಲ್ಲಿದ್ದುದನ್ನು ಇದ್ದಲ್ಲಿಯೇ ಬಿಟ್ಟು ಗಣಿಯ ಬಾಯಿಗೆ, ಶಾಫ್ಟಿನ ಕಡೆ ಓಡುತ್ತಾರೆ. ಅತ್ತಿಗೆ ಓಡುವಾಗ ಕಾಲಿಗೆ ಚಪ್ಪಲಿ ಇರುತ್ತಿರಲಿಲ್ಲ, ಬಾಯಲ್ಲಿ ಮಾತು ಇರುತ್ತಿರಲಿಲ್ಲ. ಅಲ್ಲಿ ನಿಂತು, ಆಳುಗಳನ್ನು ಹೊತ್ತು ತರುವ ಕೇಜು ಮೇಲೆ ಬಂದು, ಅಣ್ಣನ ಮುಖ ಕಂಡ ಮೇಲೆ ಮೊದಲು ಆಡುವ ಮಾತು ಬೈಗುಳ. ಆ ಓಟದಲ್ಲಿ ಅವಳ ಕೈ ಹಿಡಿದು ಓಡುತ್ತಿದ್ದವಳು ಕನಕಮ್ಮ. ಅತ್ತಿಗೆಗೆ ಬೇಕಾಗಿದ್ದುದು ಒಂದೇ: ಅಣ್ಣ ಗಣಿಯಿಂದ ಮೇಲೆ ಬರಬೇಕು, ನೆಲದ ಮೇಲೆ ಯಾವುದಾದರೂ ಕೆಲಸ ಸಿಗಬೇಕು. ಅದು ಸಿಗುವ ದಾರಿ ಅವಳಿಗೆ ಗೊತ್ತಿರಲಿಲ್ಲ.

ದಾರಿ ತೋರಿಸಿದವನು ಪೆರುಮಾಳ್. ಅವನಿಗೂ ಅಣ್ಣನಿಗೂ ಒಂದೇ ಚಳಿಗಾಲದಲ್ಲಿ ಕೆಮ್ಮು ಹಿಡಿಯಿತು. ಗಣಿಯವರಿಗೆ ಆಗಾಗ ಎದೆಯ ಪರೀಕ್ಷೆ ಇರುತ್ತಿತ್ತು. ಎಕ್ಸ್‌ರೇ ತೆಗೆದು, ಡಾಕ್ಟರುಗಳು ಕೂತು ನೋಡಿ, ಇವನು ಗಣಿಗೆ ಇಳಿಯಬಹುದೇ ಬೇಡವೇ ಅಂತ ತೀರ್ಮಾನಿಸುವರು. ಇಬ್ಬರೂ ಹೋದರು. ಅಣ್ಣನ ಕಾಯಿಲೆ ಬ್ರಾಂಕೈಟಿಸ್ ಅಂದರು. ಔಷಧಿ ಕೊಟ್ಟು, ಕೆಲವು ದಿನ ರಜೆ ಕೊಟ್ಟು, ಮತ್ತೆ ಗಣಿಗೆ ಇಳಿಸಿದರು. ಪೆರುಮಾಳನದು ಸಿಲಿಕೋಸಿಸ್. ಬಂಡೆ ಕೊರೆಯುವಾಗ ಏಳುವ ಧೂಳು ಎದೆಯೊಳಗೆ ಹೋಗಿ ಕೂತಿದೆ, ಇನ್ನು ಇವನು ಗಣಿಗೆ ಇಳಿಯಕೂಡದು ಅಂತ ಬರೆದು, ಮೇಲೆ ದೀಪ ಹಂಚುವ ಕೋಣೆಯಲ್ಲಿ ಕೆಲಸ ಕೊಟ್ಟರು. ಗಣಿಗೆ ಇಳಿಯುವವರ ಟೋಪಿಗೆ ಸಿಗಿಸುವ ದೀಪಗಳನ್ನು ಒರೆಸಿ ಕೊಡುವುದು, ಬಂದವರಿಂದ ವಾಪಸು ತೆಗೆದುಕೊಳ್ಳುವುದು. ಬಿಸಿಲು, ಗಾಳಿ, ಕೂರಲು ಸ್ಟೂಲು.

ನಮ್ಮ ಲೈನುಗಳಲ್ಲಿ ಯಾರಿಗಾದರೂ ಮೇಲಿನ ಕೆಲಸ ಸಿಕ್ಕರೆ ಹೆಂಡತಿ ಸಿಹಿ ಪೊಂಗಲ್ ಮಾಡಿ ಸಾಲಿಗೆಲ್ಲ ಹಂಚುವುದು ರೂಢಿ. ಕನಕಮ್ಮ ಹೊಸ ಸೀರೆ ಉಟ್ಟು, ಹಿತ್ತಾಳೆ ಬೋಗುಣಿಯಲ್ಲಿ ಪೊಂಗಲ್ ತುಂಬಿಕೊಂಡು ಮೊದಲು ಬಂದದ್ದು ನಮ್ಮ ಮನೆಗೆ.

"ರತ್ನಕ್ಕಾ, ಆಯಪ್ಪ ಇನ್ ಮ್ಯಾಲೆ ಗಣಿಗೆ ಓಗಲ್ಲ ಕಣಕ್ಕಾ" ಅಂದಳು. ಅವಳ ಕಣ್ಣು ತುಂಬಿತ್ತು, ಸಂತೋಷಕ್ಕೆ.

ಅತ್ತಿಗೆ ಪೊಂಗಲ್ ಇಸಿದುಕೊಂಡಳು. "ಒಳ್ಳೇದಾಯ್ತು" ಅಂದಳು. ಹರಳೆಣ್ಣೆ ಕುಡಿದ ಮುಖ. ಕನಕಮ್ಮ ಆ ಕಡೆ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ, "ಅತ್ತಿಗೆ, ಓಸಿಸ್ ಅಂದ್ರೆ ಹೋಗದೇ ಇರೋದು ಅಂತ ನೀನೇ ಹೇಳಿದ್ದೆ. ಕನಕಕ್ಕನಿಗೆ ಗೊತ್ತಾ ಅದು?"

"ಗೊತ್ತಿಲ್ಲ."

"ಹೇಳಬೇಡವಾ?"

"ನಾನ್ಯಾಕೆ ಏಳ್ಲಿ? ಏಳಿದ್ರೆ ಅಳ್ತಾಳೆ. ಅಳಾಕೆ ಸುರು ಮಾಡಿದ್ಲು ಅಂದ್ರೆ ಸಾಲಿನೋರೆಲ್ಲಾ ಅವ್ಳ ಮನೇಗೇ ಓಗ್ತಾರೆ." ಹಾಗಂದು ಪೊಂಗಲ್ಲನ್ನು ಹಿತ್ತಿಲ ಕೋಳಿಗಳ ಮುಂದೆ ಸುರಿದು, ಖಾಲಿ ಬಟ್ಟಲು ತೊಳೆದು ಕವುಚಿಟ್ಟಳು. ಆ ಕೋಳಿಗಳು ತುಪ್ಪದ ಪೊಂಗಲ್ ತಿಂದದ್ದು ಅದೇ ಮೊದಲು.

ಕಲಿತದ್ದು ತಲೆಗೆ ಹತ್ತಿತ್ತು, ಹೊಟ್ಟೆಗೆ ಇಳಿದಿರಲಿಲ್ಲ. ಅರ್ಥ ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದಳು. ಆದರೂ ಆ ಬಾಲ ಅವಳಿಗೆ ಬೇಕಾಗಿತ್ತು. ಪೆರುಮಾಳ್ ಸ್ಟೂಲಿನ ಮೇಲೆ ಕೂತು ದೀಪ ಒರೆಸುವುದನ್ನು ನೋಡಿ ಬಂದ ದಿನವೆಲ್ಲ ಪಾತ್ರೆಗಳನ್ನು ಕುಕ್ಕುವಳು. ಅದಕ್ಕಿಂತ ಕೆಟ್ಟದ್ದು ಒಂದು ಮಧ್ಯಾಹ್ನ ಆಯಿತು. ಆಳದಲ್ಲಿ ಬಂಡೆ ಸಿಡಿದು ಪಾತ್ರೆಗಳು ಗಲಗಲ ಅಂದವು. ಅತ್ತಿಗೆ ಎದ್ದು ಓಡಿದಳು. ಓಡುತ್ತ ಪಕ್ಕದ ಬಾಗಿಲ ಕಡೆ ಕೈ ಚಾಚಿದಳು, ಅಭ್ಯಾಸಬಲ. ಕನಕಮ್ಮ ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಿ, "ಅಯ್ಯೋ ಪಾಪ, ಓಗಕ್ಕಾ, ಬೇಗ ಓಗು" ಅಂದಳು. ಅಕ್ಕಿ ಆರಿಸುವ ಕೈ ನಿಲ್ಲಲಿಲ್ಲ. ಅವತ್ತು ಅಣ್ಣನಿಗೆ ಏನೂ ಆಗಿರಲಿಲ್ಲ. ಮನೆಗೆ ಬಂದ ಅತ್ತಿಗೆ ಅಣ್ಣನನ್ನು ಬೈಯಲೂ ಇಲ್ಲ. "ಆ ಕೈ ನೋಡ್ದ್ಯಾ? ನಂಗೂ ಅಂಗೆ ಕೂತ್ಕಂಡು ಅಕ್ಕಿ ಆರಿಸ್ಬೇಕು" ಅಂತ ನನ್ನ ಮುಂದೆ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಆಗ ನನಗೂ ಕನಕಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು.

ಆಮೇಲಿನ ಶುಕ್ರವಾರ ಅತ್ತಿಗೆ ಮಾರಿಯಮ್ಮನ ಗುಡಿಗೆ ಹೊರಟಳು. ಜೊತೆಗೆ ನಾನು. ತೆಂಗಿನಕಾಯಿ ಒಡೆಸಿ, ಕಣ್ಣು ಮುಚ್ಚಿ, ಗಟ್ಟಿಯಾಗಿ ಬೇಡಿಕೊಂಡಳು. "ತಾಯೀ, ನಮ್ಮೋರ್ಗೂ ಓಸಿಸ್ ಕೊಡವ್ವಾ. ನಿಂಗೆ ಉಂಜ ಒಪ್ಪಿಸ್ತೀನಿ." ಗಂಡನ ಕಾಯಿಲೆ ವಾಸಿಯಾಗಲಿ ಅಂತ ಹುಂಜದ ಹರಕೆ ಹೊರುವ ಹೆಂಗಸರನ್ನು ಆ ಗುಡಿ ಬೇಕಾದಷ್ಟು ಕಂಡಿತ್ತು, ಕಾಯಿಲೆ ಬರಲಿ ಅಂತ ಹರಕೆ ಹೊತ್ತವಳು ನಮ್ಮ ಅತ್ತಿಗೆಯೇ ಇರಬೇಕು. ಪೂಜಾರಿಗೆ ಓಸಿಸ್ ಅಂದರೆ ತಿಳಿಯಲಿಲ್ಲ. ಏನೋ ಹೊಸ ನಮೂನೆಯ ಒಡವೆ ಅಂದುಕೊಂಡನೋ ಏನೋ, ಕೈತುಂಬ ಕುಂಕುಮ ಕೊಟ್ಟು ಆಶೀರ್ವಾದ ಮಾಡಿದ.

ಬರೀ ದೇವರ ಮೇಲೆ ಭಾರ ಹಾಕಿ ಕೂರುವವಳಲ್ಲ ಅವಳು. ಲೈನುಗಳಲ್ಲಿ ಒಂದು ಗುಟ್ಟು ಓಡಾಡುತ್ತಿತ್ತು. ಅದಿರಿನಿಂದ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಬೂದಿ ಬಣ್ಣದ ಮಣ್ಣನ್ನು ಸುರಿದು ಸುರಿದು ಗುಡ್ಡಗಳೇ ಆಗಿದ್ದವು. ಅವನ್ನು ನಾವು ಸೈನೈಡ್ ದಿಬ್ಬ ಅನ್ನುತ್ತಿದ್ದೆವು. ಎದೆ ಪರೀಕ್ಷೆಯ ದಿನ ಬೆಳಿಗ್ಗೆ ಆ ದಿಬ್ಬವನ್ನು ಓಡಿ ಹತ್ತಿ, ಓಡಿ ಇಳಿದು, ನೇರ ಡಾಕ್ಟರ ಮುಂದೆ ಹೋಗಿ ನಿಂತರೆ ಉಸಿರು ಮೇಲೆ ಕೆಳಗೆ ಆಗುತ್ತಿರುತ್ತದೆ, ಡಾಕ್ಟರಿಗೆ ಅನುಮಾನ ಬರುತ್ತದೆ ಅಂತ. ಅತ್ತಿಗೆ ಯಾವುದನ್ನೂ ಅರ್ಧ ಮಾಡಿದವಳಲ್ಲ. ಒಂದು ದಿನ ಹತ್ತಿದರೆ ಅಷ್ಟು ಉಸಿರು ಕಟ್ಟುವುದಾದರೆ ದಿನಾ ಹತ್ತಿದರೆ ಎದೆ ಪೂರ್ತಿ ಕೆಡಬೇಕಲ್ಲ ಅನ್ನುವುದು ಅವಳ ಲೆಕ್ಕ. ಪರೀಕ್ಷೆಗೆ ಇನ್ನೂ ತಿಂಗಳುಗಳಿರುವಾಗಲೇ ಅಣ್ಣನನ್ನು ಮುಂಜಾನೆ ಎಬ್ಬಿಸಿ ದಿಬ್ಬಕ್ಕೆ ಅಟ್ಟಿದಳು.

"ಅತ್ತಿ ಏನ್ಲಾ ಮಾಡ್ಬೇಕು ನಾನು, ಚಿನ್ನ ಐತಾ ಮ್ಯಾಲೆ?" ಅಂತ ಅಣ್ಣ ತನಗೆ ತಾನೇ ಗೊಣಗಿಕೊಂಡು ಹೊರಡುವನು. ಹೆಂಡತಿ ಹೇಳಿದ ಮೇಲೆ ಮಾಡದೆ ಇರುವ ಜಾತಿಯಲ್ಲ. ಮೊದಮೊದಲು ಅರ್ಧಕ್ಕೆ ಕೂರುತ್ತಿದ್ದ. ನೀಲಿಗಟ್ಟಿ ಕೆಮ್ಮುತ್ತ ಬರುತ್ತಿದ್ದ. ಅತ್ತಿಗೆಗೆ ಹಿಗ್ಗು, ಅವತ್ತು ಕಾಫಿಗೆ ಒಂದು ಚಮಚ ಬೆಲ್ಲ ಜಾಸ್ತಿ. ದೆವ್ವ ಹಿಡಿದವಳಂತೆ ಆಡುತ್ತಿದ್ದಾಳೆ ಅನ್ನಿಸಿ ನಾನು ಅಣ್ಣನಿಗೆ ಹೋಗಬೇಡ ಅಂದೆ. ಅವನು "ಬುಡಮ್ಮಾ, ಅವ್ಳಿಗೆ ಸಮಾದಾನ ಆದ್ರೆ ಸಾಕು" ಅಂದ. ದಿನ ಕಳೆದಂತೆ ಕೂರುವ ಜಾಗ ಮೇಲೆ ಮೇಲೆ ಹೋಯಿತು. ಮೇಲೆ ಗಾಳಿ ಚೆನ್ನಾಗಿದೆ ಅಂದ. ಅಲ್ಲಿ ಹತ್ತುವಾಗ ಬಾಯಲ್ಲಿ ಬೀಡಿ ಹಿಡಿಯಲು ಆಗುವುದಿಲ್ಲ ಅಂತ ಬೀಡಿಯನ್ನೂ ಬಿಟ್ಟ. ಕೊನೆಗೆ ಒಂದೇ ಉಸಿರಿಗೆ ತುದಿ ಮುಟ್ಟಿ, ಅಲ್ಲಿ ನಿಂತು ಬಂಗಾರಪೇಟೆ ಕಡೆ ಹೋಗುವ ರೈಲನ್ನು ನೋಡಿ ಇಳಿದು ಬರುವುದು ಅವನಿಗೆ ಇಷ್ಟವೇ ಆಗಿಬಿಟ್ಟಿತು.

ಪರೀಕ್ಷೆಯ ದಿನ ಅವನು ದಿಬ್ಬ ಹತ್ತಿ ಇಳಿದು ಡಾಕ್ಟರ ಮುಂದೆ ನಿಂತ. ಡಾಕ್ಟರು ಎದೆಗೆ ಯಂತ್ರ ಇಟ್ಟು ಕೇಳಿ, ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು, ಬೆನ್ನು ತಟ್ಟಿದರಂತೆ. ನಿನ್ನ ಬ್ರಾಂಕೈಟಿಸ್ ಪೂರ್ತಿ ಹೋಗಿದೆ, ಏನು ಮಾಡಿದೆಯಪ್ಪ ಅಂತ ಕೇಳಿದರಂತೆ. ನಮ್ಮಣ್ಣ ಸುಳ್ಳು ಬಾರದವನು. "ದಿನಾ ಸೈನೈಡ್ ದಿಬ್ಬ ಹತ್ತಿದೆ ಸಾರ್" ಅಂದ. "ಭೇಷ್, ಬಿಡಬೇಡ" ಅಂದರು. ಇಷ್ಟು ಗಟ್ಟಿ ಆಳು ಅಂತ ಅವನನ್ನು ಇನ್ನೂ ಕೆಳಗಿನ ಹಂತದ ಕೆಲಸಕ್ಕೆ ಹಾಕಿದರು. ಅಣ್ಣ ಇದನ್ನೆಲ್ಲ ನಗುತ್ತ ಶಿಫ್ಟಿನವರಿಗೆಲ್ಲ ಹೇಳಿಕೊಂಡು ಬಂದ. ಅತ್ತಿಗೆ ಮೂರು ದಿನ ಅವನ ಹತ್ತಿರ ಮಾತು ಬಿಟ್ಟಳು. ನನಗೆ ಮಾತ್ರ, "ಮಾರಿಯಮ್ಮಂಗೂ ಆ ಕನಕನ್ನ ಕಂಡ್ರೇ ಇಷ್ಟ" ಅಂದಳು.

ಪೆರುಮಾಳ್ ಒಂದೆರಡು ವರ್ಷ ದೀಪದ ಕೋಣೆಯಲ್ಲಿ ಚೆನ್ನಾಗಿಯೇ ಇದ್ದ. ಆಮೇಲೆ ನಡೆಯುವಾಗ ನಡುವೆ ನಡುವೆ ನಿಲ್ಲತೊಡಗಿದ. ಮೊದಲು ಏರಿನಲ್ಲಿ, ಆಮೇಲೆ ಸಮನೆಲದಲ್ಲೂ. ತಟ್ಟಿಯ ಆ ಕಡೆಯಿಂದ ಅವನು ಉಸಿರು ಎಳೆಯುವ ಸದ್ದು ನಮಗೆ ಕೇಳುತ್ತಿತ್ತು. ಕೆಲಸಕ್ಕೆ ಹೋಗುವುದು ನಿಂತಿತು. ಬಾಗಿಲಲ್ಲಿ ಮಂಡಿಯ ಮೇಲೆ ಮೊಳಕೈ ಊರಿಕೊಂಡು ಕೂತಿರುತ್ತಿದ್ದ. ಅಣ್ಣ ಬೆಳಿಗ್ಗೆ ದಿಬ್ಬಕ್ಕೆ ಹೋಗುವಾಗ ಅವನ ಮುಂದೆಯೇ ಹಾದು ಹೋಗಬೇಕು. "ಬರ್ತೀಯೇನಣ್ಣಾ?" ಅಂತ ಅಣ್ಣ ತಮಾಷೆಗೆ ಕೇಳುವನು, ಪೆರುಮಾಳ್ ಕೈಯೆತ್ತಿ ನಗುವನು. ಅವನ ಹಿಂದೆ ಕನಕಮ್ಮ ನಿಂತಿರುತ್ತಿದ್ದಳು. ಅವಳು ನಗುತ್ತಿರಲಿಲ್ಲ. ಅಣ್ಣ ದಿಬ್ಬದ ತಿರುವಿನಲ್ಲಿ ಮರೆಯಾಗುವವರೆಗೂ ಅವನ ಬೆನ್ನನ್ನೇ ನೋಡುತ್ತಿದ್ದಳು. ಅತ್ತಿಗೆಯನ್ನು ರತ್ನಕ್ಕ ಅಂತ ಕರೆಯುವುದು ಕಡಿಮೆಯಾಯಿತು. ಅತ್ತಿಗೆ ಅದನ್ನು, ಗಂಡನ ಸಂಬಳ ನಿಂತಿದೆ, ಪಾಪ, ಅಂತ ತಿಳಿದಳು. ಒಂದು ಸೇರು ರಾಗಿ ಹಿಟ್ಟು ಕಳಿಸಿದಳು. ಕನಕಮ್ಮ ಅದನ್ನು ಬಾಗಿಲಲ್ಲಿಯೇ ವಾಪಸು ಕಳಿಸಿದಳು.

ನಾನಾಗ ಟೀಚರ್ ಟ್ರೈನಿಂಗಿನಲ್ಲಿದ್ದೆ, ರಜೆಗೆ ಬಂದಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅಣ್ಣ ದಿಬ್ಬಕ್ಕೆ ಹೋದವನು ಬರಲಿಲ್ಲ. ದೋಸೆ ಆರಿತು. "ಅಲ್ಲೇ ಸಂಸಾರ ಊಡ್ಲಿ ಆಯಪ್ಪ" ಅಂತ ಬೈಯುತ್ತ ಅತ್ತಿಗೆ ಹೊರಟಳು, ಹಿಂದೆ ನಾನು. ಪಕ್ಕದ ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ.

ದಿಬ್ಬದ ಬುಡದಿಂದ ಸ್ವಲ್ಪವೇ ಮೇಲೆ, ಆ ಬೂದಿ ಮಣ್ಣಿನಲ್ಲಿ ಪೆರುಮಾಳ್ ಬಿದ್ದುಕೊಂಡಿದ್ದ. ತಲೆ ಕನಕಮ್ಮನ ತೊಡೆಯ ಮೇಲೆ. ಬಾಯಿ ತೆರೆದಿತ್ತು. ಒಂದೊಂದು ಉಸಿರಿಗೂ ಕುತ್ತಿಗೆಯ ನರಗಳು ಹಗ್ಗದಂತೆ ಏಳುತ್ತಿದ್ದವು. ಮಣ್ಣಿನಲ್ಲಿ ಅವರಿಬ್ಬರೂ ಹತ್ತಿ ಬಂದ ಗುರುತು ಕಾಣುತ್ತಿತ್ತು, ಹತ್ತು ಹೆಜ್ಜೆಯೂ ಇರಲಿಲ್ಲ. ನಮ್ಮಣ್ಣ ಇನ್ನೂ ತುದಿಯಲ್ಲೇ ಇದ್ದ. ರೈಲಿನ ಕಡೆ ಮುಖ ಮಾಡಿ ನಿಂತಿದ್ದ ಅವನಿಗೆ ಇದು ಯಾವುದೂ ತಿಳಿದಿರಲಿಲ್ಲ.

"ಅಯ್ಯೋ, ಇಲ್ಗ್ಯಾಕೆ ಕರ್ಕಂಡ್ ಬಂದೆ ಕನಕಾ!" ಅಂತ ಅತ್ತಿಗೆ ಓಡಿದಳು.

ಕನಕಮ್ಮ ತಲೆ ಎತ್ತಿದಳು. ಆ ಕಣ್ಣು ನನಗೆ ಗುರುತಿತ್ತು. ಅಷ್ಟು ವರ್ಷ ನಮ್ಮ ಮನೆಯ ಒಳಗೇ ನೋಡಿದ ಕಣ್ಣು ಅದು, ಅತ್ತಿಗೆಯ ಕಣ್ಣು.

"ನೀನು ಇಂಗೆ ಮಾಡಬಾರದಿತ್ತು ರತ್ನಕ್ಕಾ" ಅಂದಳು. "ಸಿಸ್ಟರಮ್ಮ ನಿಂಗೆ ಎಲ್ಲಾ ಏಳ್ಕೊಟ್ರು. ಯಾವ ಕಾಯಿಲೆಗೆ ಏನು ಮಾಡಬೇಕು ಅಂತ. ನೀನು ನಿನ್ ಗಂಡನ್ನ ಮಾತ್ರ ಅತ್ತಿಸ್ದೆ. ಆಯಪ್ಪಂಗೆ ವಾಸಿ ಆಯ್ತು, ಡಾಕ್ಟ್ರೇ ಏಳಿದ್ರು, ಊರಿಗೆಲ್ಲಾ ಗೊತ್ತು. ತಟ್ಟಿ ಈ ಕಡೆ ನಾನಿದ್ನಲ್ಲ? ಒಂದ್ ಮಾತು ಏಳಿದ್ರೆ ಆಗ್ಲೇ ಕರ್ಕೊಂಡ್ ಬರ್ತಿದ್ದೆ. ಆಗ ಇವ್ರ ಕಾಲಲ್ಲಿ ಸಕ್ತಿ ಇತ್ತು. ದಿನಾ ನೋಡ್ತಿದ್ದೆ ನಾನು. ನಿಮ್ಮೋರು ಅತ್ತೋದು, ಇಳಿಯೋದು. ವಯಿರು ಎರಿಯುತ್ತು ಅಕ್ಕಾ, ಒಟ್ಟೆ ಒಳಗೆ ಬೆಂಕಿ ಇಟ್ಟಂಗೆ ಉರೀತಿತ್ತು."

ಅತ್ತಿಗೆ ಮೆಲ್ಲಗೆ ಮಣ್ಣಿನಲ್ಲಿ ಕೂತಳು. "ಇದು ಮದ್ದಲ್ಲ ಕನಕಾ. ನಮ್ಮೋರ್ದು ಬೇರೆ. ಅದು ತಾನಾಗಿ ಓಗೋ ಜಾತಿ. ಇವ್ರಿಗೆ ಬಂದಿರಾದು ಕೂತಿರೋ ಜಾತಿ. ದಿಬ್ಬ ಅತ್ತಿದ್ರೆ ಏಳಲ್ಲ ಅದು. ಯಾತ್ಕೂ ಏಳಲ್ಲ."

"ಯಾವಾಗಿಂದ ಗೊತ್ತು ನಿಂಗೆ?"

"ನೀನು ಪೊಂಗಲ್ ತಂದಾಗ್ಲೇ."

ಕನಕಮ್ಮ ಸ್ವಲ್ಪ ಹೊತ್ತು ಗಂಡನ ಎದೆ ನೀವಿದಳು. ಅಳಲಿಲ್ಲ. ಆಮೇಲೆ ಕೇಳಿದಳು, "ಮದ್ದಲ್ಲ ಅಂದ್ರೆ ನಿಮ್ಮೋರ್ನ ಯಾಕೆ ಅತ್ತಿಸ್ದೆ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಅತ್ತಿಗೆಯ ನಾಲಿಗೆಗೆ ಬಾರದ ಸುಳ್ಳು ಅಂತ ಯಾವುದೂ ಇರಲಿಲ್ಲ. ಆದರೆ ಅವಳು ಪೆರುಮಾಳನ ತೆರೆದ ಬಾಯನ್ನು ನೋಡುತ್ತಿದ್ದಳು.

"ಇವ್ರಿಗೆ ಬಂದಿದ್ದು ನಮ್ಮೋರ್ಗೂ ಬರ್ಲಿ ಅಂತ ಅತ್ತಿಸ್ದೆ" ಅಂದಳು. "ಎದೆ ಕೆಟ್ಟು ಮ್ಯಾಲೆ ಬರ್ಲಿ ಅಂತ. ನೀನು ಮೊರ ಇಟ್ಕಂಡು ಕೂತಿದ್ದೆ ನೋಡು, ಅಂಗೆ ಕೂರ್ಬೇಕು ಅಂತ. ಮಾರಿಯಮ್ಮಂಗೆ ಅರಕೆ ಒತ್ತಿದ್ದೆ."

"ಇದನ್ನಾ?" ಅಂದಳು ಕನಕಮ್ಮ. ಗಂಡನ ಎದೆಯ ಮೇಲೆ ಅವಳ ಅಂಗೈ ಇತ್ತು. ಅದು ಅವನ ಉಸಿರಿನ ಜೊತೆಗೆ ಏಳುತ್ತಿತ್ತು, ಬೀಳುತ್ತಿತ್ತು. "ಇದನ್ನಾ ಬೇಡ್ಕೊಂಡೆ?"

"ಊಂ."

ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಅಂದುಕೊಂಡೆ. ಕನಕಮ್ಮ ಬೈಯಲಿಲ್ಲ. ಸಕ್ಕರೆಯೋ ಸೀಮೆಎಣ್ಣೆಯೋ ಕೇಳಲು ಬಂದ ನೆರೆಮನೆಯವಳ ಹತ್ತಿರ ಮಾತಾಡುವಷ್ಟೇ ಮೆತ್ತಗೆ ಅಂದಳು:

"ಕೇಳಿದ್ರೆ ಅವತ್ತೇ ಕೊಟ್ಬಿಡ್ತಿದ್ನಲ್ಲಕ್ಕಾ."

ಅಷ್ಟರಲ್ಲಿ ಮೇಲಿನಿಂದ ಅಣ್ಣ ನಮ್ಮನ್ನು ನೋಡಿದ. ಏನೋ ಆಗಿದೆ ಅಂತ ಅವನಿಗೆ ಹೊಳೆಯಿತು. ಪಂಚೆ ಎತ್ತಿ ಕಟ್ಟಿ, ಬೂದಿ ಮಣ್ಣು ಹಾರಿಸುತ್ತ, ಹುಡುಗನ ಹಾಗೆ ದಾಪುಗಾಲು ಹಾಕಿ ಓಡಿ ಇಳಿಯತೊಡಗಿದ. ಅತ್ತಿಗೆ ತಟ್ಟನೆ ಎದ್ದು, ಕನಕಮ್ಮನಿಗೆ ಅವನು ಕಾಣದ ಹಾಗೆ ಅಡ್ಡ ನಿಂತಳು. ಎರಡೂ ಕೈ ಎತ್ತಿ ಬೀಸಿ, ಓಡಬೇಡ, ಮೆಲ್ಲಗೆ ನಡೆದುಕೊಂಡು ಬಾ ಅಂತ ಸನ್ನೆ ಮಾಡಿದಳು.